ಲೆನ್ಸಿನ ಮೇಲೊಂದು ಮರ

ನನ್ನ ಎರಡೂ ಕಣ್ಣಾಣೆ, ಇದು ನಡೆದದ್ದೇ. ಒಂದೇ ಕಣ್ಣಿನ ಮೇಲೆ ಆಣೆ ಇಟ್ಟಿದ್ದರೆ ನೀವು ಅನುಮಾನಪಡಬಹುದಿತ್ತು. ಕಳ್ಳ, ಇನ್ನೊಂದನ್ನು ಉಳಿಸಿಕೊಂಡಿದ್ದಾನೆ ಅನ್ನಬಹುದಿತ್ತು. ಎರಡನ್ನೂ ಇಟ್ಟಿದ್ದೇನೆ. ಎಲ್ಲಾದರೂ ಸ್ವಲ್ಪ ಉಬ್ಬಿಸಿದ ಹಾಗೆ ಕಂಡರೆ ಅದು ಆ ಗೋದಾಮಿನ ತಪ್ಪು, ನನ್ನದಲ್ಲ. ಅದು ಇರುವುದೇ ಅಷ್ಟು ದೊಡ್ಡದಾಗಿ. ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಗೆ ಕೇಳಿಸುವ ಹೊತ್ತಿಗೆ ಕೆಮ್ಮಿದವನ ನೆಗಡಿ ವಾಸಿಯಾಗಿರುತ್ತದೆ.

ಅಂಥ ಗೋದಾಮಿನಲ್ಲಿ ಕಂಬಕ್ಕೊಂದು, ಗೋಡೆಗೊಂದು, ಬಾಗಿಲಿಗೊಂದು ಕ್ಯಾಮೆರಾ. ಆ ಕ್ಯಾಮೆರಾಗಳ ಲೆನ್ಸು ಒರೆಸುವುದು ಒಬ್ಬ ಹುಡುಗನ ಕೆಲಸ. ಹೆಗಲ ಮೇಲೆ ಸದಾ ಏಣಿ ಇರುತ್ತಿದ್ದರಿಂದ ಅವನ ಹೆಸರೇ ಏಣಿ ಎಂದಾಗಿಹೋಗಿತ್ತು. ಮನೆಯವರು ಇಟ್ಟ ಹೆಸರಿನಿಂದ ಕರೆಯುತ್ತಿದ್ದವಳು ಅವನ ಅಕ್ಕ ಒಬ್ಬಳೇ, ಅದೂ ಸಿಟ್ಟು ಬಂದಾಗ. ಅಕ್ಕನೂ ಅದೇ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು: ಡಬ್ಬ ಮಡಚು, ತುಂಬು, ಟೇಪು ಎಳೆ, ತಳ್ಳು.

ಆವತ್ತು ಬೆಳಿಗ್ಗೆ ಏಳುವ ಮೊದಲೇ ಅವನಿಗೆ ಸುಸ್ತಾಗಿತ್ತು. ನಿದ್ದೆಯಲ್ಲೂ ಏಣಿ ಹತ್ತಿ ಇಳಿದಿದ್ದನೋ ಏನೋ, ಮೀನಖಂಡ ಎರಡೂ ಕಲ್ಲಾಗಿದ್ದವು. ಅಡುಗೆಮನೆಯಲ್ಲಿ ಅಕ್ಕ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ಕೊಕ್ಕರೆಯ ಹಾಗೆ ನಿಂತಿದ್ದಳು. ಒಂದು ಕಾಲಿಗೆ ಬಿಡುವು ಕೊಟ್ಟು, ಅದು ಮುಗಿದ ಮೇಲೆ ಇನ್ನೊಂದಕ್ಕೆ ಕೊಡುವುದು ಅವಳ ಪದ್ಧತಿ. ಮೊಣಕಾಲಿನ ಕೆಳಗೆ ನರಗಳು ಹಸಿರು ಹಗ್ಗದ ಹಾಗೆ ಸುತ್ತಿಕೊಂಡಿದ್ದವು. ಅವನು ನೋಡಿದ್ದನ್ನು ಕಂಡು ಸೀರೆಯ ಅಂಚನ್ನು ಕಾಲಿನಿಂದಲೇ ಕೆಳಗೆ ಒದ್ದಳು. “ಕಾಲು ನೋಡಕ್ಕೆ ಬಂದ್ಯೋ, ತಿನ್ನಕ್ಕೆ ಬಂದ್ಯೋ?” ಅಂದಳು. ಡಾಕ್ಟರ ಹತ್ತಿರ ಹೋಗೋಣ ಎಂದು ಅವನು ಗೊಣಗಿದ. “ಹೋದ್ರೆ ಏನಂತಾರೆ ಅಂತ ಗೊತ್ತಲ್ಲ. ಜಾಸ್ತಿ ಹೊತ್ತು ನಿಂತ್ಕೋಬೇಡಿ ಅಂತಾರೆ. ಅದನ್ನ ಕೇಳಿಸ್ಕೊಳ್ಳಕ್ಕೆ ಅಲ್ಲಿ ಅರ್ಧ ದಿನ ಸಾಲಲ್ಲಿ ನಿಂತ್ಕೋಬೇಕು.” ತಾನೇ ಹೇಳಿದ್ದಕ್ಕೆ ತಾನೇ ನಕ್ಕು ಕಾಲು ಬದಲಿಸಿದಳು. ಅವನಿಗೆ ನಗು ಬರಲಿಲ್ಲ. ನಗಬೇಕಿತ್ತು, ನಕ್ಕಿದ್ದರೆ ಅವಳಿಗೆ ಅಷ್ಟರಮಟ್ಟಿಗಾದರೂ ಹಗುರಾಗುತ್ತಿತ್ತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅನ್ನಿಸುತ್ತಲೇ ಇತ್ತು. ಬಸ್ಸಿನಲ್ಲಿ ಕೂರಲು ಜಾಗ ಇರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಟಿವಿಯಣ್ಣ ಕರೆಸಿದ. ಗೋದಾಮಿನ ಅಷ್ಟೂ ಕ್ಯಾಮೆರಾಗಳ ಚಿತ್ರ ಬಂದು ಬೀಳುವ ಕೋಣೆಯಲ್ಲಿ ದಿನವಿಡೀ ಕೂರುವವನು ಅವನು. ಗೋಡೆ ತುಂಬ ಪರದೆಗಳು, ಕೆಳಗೆ ಗಾಲಿಕುರ್ಚಿ, ಕುರ್ಚಿಯ ಮೇಲೊಂದು ದಿಂಬು, ದಿಂಬಿನ ಮೇಲೆ ಟಿವಿಯಣ್ಣ. ಪರದೆಯ ಬೆಳಕು ಕುಡಿದು ಕುಡಿದು ಅವನ ಮುಖಕ್ಕೆ ಬಾತುಕೊಂಡ ನೀಲಿ ಬಣ್ಣ ಬಂದಿತ್ತು. “ಕೂತು ಕೂತು ಸೊಂಟ ಬಿದ್ದೋಯ್ತು ಕಣೋ ಏಣಿ. ನಿಂಗೇನಪ್ಪ, ಪುಣ್ಯವಂತ, ಓಡಾಡ್ಕೊಂಡಿರ್ತೀಯ” ಎಂದು ಸೊಂಟ ನೀವಿಕೊಂಡ. ಆಮೇಲೆ ಮೂಲೆಯ ಪರದೆಯ ಕಡೆ ಗಲ್ಲ ತೋರಿಸಿದ. ಪ್ಯಾಕಿಂಗ್ ಹಾಲಿನ ಆ ತುದಿಯನ್ನು ನೋಡಿಕೊಳ್ಳುವುದಕ್ಕೆ ಇದ್ದದ್ದು ಅದೊಂದೇ ಕ್ಯಾಮೆರಾ. ಪರದೆಯಲ್ಲಿ ಮೇಜುಗಳು, ಡಬ್ಬಗಳು, ತಲೆ ಬಗ್ಗಿಸಿದ ಹೆಂಗಸರು ಎಲ್ಲ ಸರಿಯಾಗೇ ಕಾಣುತ್ತಿದ್ದವು. ಆದರೆ ಕಂಬಕ್ಕೂ ಕಬ್ಬಿಣದ ಅಟ್ಟಣೆಗೂ ನಡುವಿನ ಮೂಲೆಯ ಮೇಲೆ ಬೂದು ಬಣ್ಣದ ದೊಡ್ಡದೊಂದು ಮಚ್ಚೆ, ಹರಡಿಕೊಂಡ ಮರದ ಹಾಗೆ. “ಈ ಹೆಂಗಸರು ಒಬ್ಬೊಬ್ಬರೇ ಇದರೊಳಗೆ ಹೋಗ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಬರ್ತಾರೆ. ಒಳಗೇನು ಸಿನಿಮಾ ತೋರಿಸ್ತಾರಾ?” ಎಂದ ಟಿವಿಯಣ್ಣ. ಏಣಿ ನೆಲ ನೋಡಿದ. “ಅದು ಮೊಂಡು ಕಲೆ ಅಣ್ಣ. ಜಪ್ಪಯ್ಯ ಅಂದ್ರೂ ಬಿಡ್ತಿಲ್ಲ.” “ನೀನು ಹಂಗೆ ಹೇಳ್ತಾನೇ ಇದ್ದೀಯ, ನಾನೂ ಹೂಂ ಅಂತಾನೇ ಇದ್ದೀನಿ. ಇವತ್ತು ಆಗಲ್ಲ. ಮಧ್ಯಾಹ್ನ ಮೇಲಿನ ಆಫೀಸಿನವರು ಬಂದು ಇಲ್ಲೇ ನನ್ನ ಬೆನ್ನ ಹಿಂದೆ ನಿಂತು ನೋಡ್ತಾರೆ. ಕಲೆ ಕಂಡ್ರೆ ನಿನ್ನನ್ನೂ ಕಳಿಸ್ತಾರೆ, ನನ್ನನ್ನೂ ಕಳಿಸ್ತಾರೆ. ಈ ದಿಂಬು ಹಿಡ್ಕೊಂಡು ನಾನೆಲ್ಲಿಗೆ ಹೋಗ್ಲಿ?”

ಕಲೆ ಮೊಂಡಾಗಿದ್ದದ್ದು ನಿಜ. ಬಿಡುತ್ತಿರಲಿಲ್ಲ ಅನ್ನುವುದು ಮಾತ್ರ ಸುಳ್ಳು. ಸೂರಿನ ಸಂದಿಯಿಂದ ಒಳಗೆ ಬಂದು ಹೊರದಾರಿ ಮರೆತ ಪಾರಿವಾಳವೊಂದು ಬೇಸಿಗೆಯೆಲ್ಲ ಆ ಕ್ಯಾಮೆರಾದ ನೆತ್ತಿಯ ಮೇಲೆ ಕಾಪುರ ಮಾಡಿತ್ತು. ಡಬ್ಬಗಳಿಂದ ಚೆಲ್ಲಿದ ಕಾಳು ತಿಂದು ತಿಂದು ಕೊನೆಗೆ ರೆಕ್ಕೆಗಿಂತ ಹೊಟ್ಟೆಯೇ ಭಾರವಾಗಿ, ನಡೆದುಕೊಂಡೇ ಮುಂಬಾಗಿಲಿನಿಂದ ಹೋಯಿತು ಎನ್ನುತ್ತಾರೆ. ಹೋಗುವ ಮುಂಚೆ ಅದು ಲೆನ್ಸಿನ ಗಾಜಿನ ಮೇಲೆ ತನ್ನ ಬಾಡಿಗೆ ಕೊಟ್ಟು ಹೋಗಿತ್ತು. ಒಂದು ಸಂಜೆ ಏಣಿ ಮನೆಯಲ್ಲಿ ಅದನ್ನೊಂದು ತಮಾಷೆ ಎಂದು ಹೇಳಿದ: ಪಾರಿವಾಳ ಮಾಡಿದ ಕೆಲಸಕ್ಕೆ ಆ ಮೂಲೆ ಪರದೆಯಲ್ಲಿ ಕಾಣಿಸುವುದೇ ಇಲ್ಲ ಅಕ್ಕ ಎಂದು. ಅಕ್ಕ ಕಾಲು ಬದಲಿಸಿದಳು. ಮಾರನೆಯ ದಿನ ಆ ಮೂಲೆಯಲ್ಲಿ ಪ್ಲಾಸ್ಟಿಕ್ ಬುಟ್ಟಿಯೊಂದು ಬೋರಲು ಬಿದ್ದಿತ್ತು. ಹಾಲಿನಲ್ಲಿ ಕೂರುವಂತಿರಲಿಲ್ಲ, ಕೂತದ್ದು ಕಂಡರೆ ಮೈಕಿನಲ್ಲಿ ಹೆಸರು ಬರುತ್ತಿತ್ತು. ಒಮ್ಮೆ ಬಂದರೆ ಎಚ್ಚರಿಕೆ, ಮತ್ತೊಮ್ಮೆ ಬಂದರೆ ಬೇರೆ ಕೆಲಸ ನೋಡಿಕೊಳ್ಳಬೇಕು. ಅಕ್ಕನ ಹೆಸರು ಆಗಲೇ ಒಮ್ಮೆ ಬಂದಾಗಿತ್ತು. ಅದು ಬಂದ ದಿನ ಅವನು ಬೇರೊಂದು ಕಂಬದಲ್ಲಿ ಏಣಿಯ ಮೇಲಿದ್ದ. ಅವಳ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ, ಆ ಅಗಲದ ಸೂರಿಗೆ ತಾಗಿ ತಾಗಿ ಮೂರು ಕಡೆಯಿಂದ ವಾಪಸು ಬಂದಿತ್ತು. ಅಂಥ ಹಾಲಿನಲ್ಲಿ ಹೆಂಗಸರಿಗೆ ಸಿಕ್ಕಿದ್ದ ನೆರಳು ಈ ಕಲೆ. ಟೇಪು ಮುಗಿದ ಮೇಲೆ ಉಳಿಯುವ ರಟ್ಟಿನ ಉಂಗುರವನ್ನು ಬಳೆ ಮಾಡಿಕೊಂಡಿದ್ದರು. ಬಳೆ ಯಾರ ಕೈಯಲ್ಲಿದೆಯೋ ಆಗ ಅವಳ ಸರದಿ. “ಮರದ ಕೆಳಗೆ ಕೂತು ಬರ್ತೀನಿ” ಅನ್ನುವಳು, ಹೋಗುವಳು, ಬಂದು ಬಳೆಯನ್ನು ಇನ್ನೊಬ್ಬಳ ಕೈಗೆ ತೊಡಿಸುವಳು. ಏಣಿ ಆ ಕಂಬದ ಬುಡದಲ್ಲಿ ಓಡಾಡುವಾಗಲೆಲ್ಲ ಕಳ್ಳನ ಹಾಗೆ ತಲೆ ತಗ್ಗಿಸುತ್ತಿದ್ದ. ಉಳಿದ ಲೆನ್ಸುಗಳೆಲ್ಲ ತೊಳೆದ ದ್ರಾಕ್ಷಿಯ ಹಾಗೆ ಹೊಳೆಯುತ್ತಿದ್ದವು. ಅದೊಂದು ಮಾತ್ರ ಪೊರೆ ಬಂದ ಮುದುಕನ ಕಣ್ಣು. ಹಿಕ್ಕೆಯ ಹುಳಿ ದಿನದಿನಕ್ಕೂ ಗಾಜಿನ ಲೇಪವನ್ನು ತಿನ್ನುತ್ತಿರುತ್ತದೆ ಎಂದು ಗೊತ್ತಿದ್ದೂ ಬಿಡುವುದು, ನೋವಿರುವ ಹಲ್ಲನ್ನು ಬಿಟ್ಟ ಹಾಗೆ ಅವನನ್ನು ಒಳಗೊಳಗೇ ಚುಚ್ಚುತ್ತಿತ್ತು. ಅಕ್ಕನಿಗೆ ನ್ಯಾಯ ಮಾಡಿದರೆ ಗಾಜಿಗೆ ಅನ್ಯಾಯ, ಗಾಜಿಗೆ ಮಾಡಿದರೆ ಅಕ್ಕನಿಗೆ. ಇಂಥದ್ದನ್ನು ಯೋಚಿಸುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಅವನಿಗೆ ಅದು ಉಳಿದಿರಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ, ಏಣಿ ಹೊತ್ತು ಹಾಲಿನ ಉದ್ದಕ್ಕೂ ನಡೆಯುವಾಗ ಅವನೊಂದು ಉಪಾಯ ಮಾಡಿದ. ಹತ್ತುವುದು, ಒದ್ದೆ ಬಟ್ಟೆಯಿಂದ ಕಲೆಯ ಅಂಚನ್ನು ಮಾತ್ರ ಸ್ವಲ್ಪ ಸವರುವುದು, ಬೆವರು ಒರೆಸಿಕೊಳ್ಳುವುದು, ಆಗ್ತಾ ಇಲ್ಲ ಅಣ್ಣ ಎನ್ನುವುದು. ದೊಡ್ಡವರು ಬೈದರೆ ಬೈಯಲಿ. ಬೈಸಿಕೊಳ್ಳುವುದು ಕಾಲಿನ ಕೆಲಸವಲ್ಲವಲ್ಲ. ಕಂಬದ ಹತ್ತಿರ ಬಂದಾಗ ಗುಂಡುಪಿನ್ನು ಎದುರಾದಳು. ಅಕ್ಕನ ಪಕ್ಕದ ಮೇಜಿನವಳು, ಮೈ ಅಷ್ಟು ತೆಳ್ಳಗೆ, ಮಾತು ಅಷ್ಟು ಚೂಪು.

“ಏನಪ್ಪ, ಮರ ಕಡಿಯಕ್ಕೆ ಬಂದ್ಯಾ?”

“ಇಲ್ಲ ಚಿಕ್ಕಮ್ಮ. ಕಡಿಯೋ ಹಾಗೆ ಮಾಡಕ್ಕೆ ಬಂದೆ.”

“ನಾಟಕ ಮಾಡಕ್ಕಾದ್ರೂ ಮುಖಕ್ಕೆ ಸ್ವಲ್ಪ ಕಳೆ ಇರ್ಬೇಕು. ಹೆಣ ಹೊತ್ಕೊಂಡು ಬಂದವನ ಹಂಗಿದ್ದೀಯ.” ಆಮೇಲೆ ದನಿ ತಗ್ಗಿಸಿದಳು. “ನಿಮ್ಮಕ್ಕ ಈಗ ತಾನೇ ಹೋಗಿದ್ದಾಳೆ. ಕೂತ ತಕ್ಷಣ ಕಣ್ಣು ಮುಚ್ಚಿದ್ಲು. ಸದ್ದು ಮಾಡ್ಬೇಡ.”

ಎಬ್ಬಿಸಬೇಕೇ ಎಂದು ಅವನು ಒಂದು ಕ್ಷಣ ಯೋಚಿಸಿದ. ನಿಜವಾಗಿ ಒರೆಸುವುದೇ ಇಲ್ಲವಲ್ಲ, ಎಬ್ಬಿಸುವುದೇಕೆ? ಏಣಿಯನ್ನು ಕಂಬಕ್ಕೆ ಒರಗಿಸಿದ. ಫೋನಿನ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಲೈನಿನಲ್ಲಿ ಟಿವಿಯಣ್ಣನನ್ನು ಹಿಡಿದುಕೊಂಡು ಹತ್ತಿದ. ಅರ್ಧ ದಾರಿಗೇ ಉಸಿರು ಸಿಕ್ಕಿಹಾಕಿಕೊಂಡಿತು. ಮೇಲೆ ಹೋಗಿ ಕ್ಯಾಮೆರಾಕ್ಕೆ ಮುಖ ಕೊಟ್ಟ ಕೂಡಲೇ ಕಿವಿಯಲ್ಲಿ ಟಿವಿಯಣ್ಣ ನಕ್ಕ. “ಅಯ್ಯಯ್ಯೋ, ಏನೋ ಅದು ಮೂಗು! ಹೊಳ್ಳೆ ಒಳಗೆ ಒಂದು ಸಂಸಾರ ಬಾಡಿಗೆಗೆ ಇರ್ಬಹುದು. ಗಡ್ಡ ಯಾಕೆ ಹೆರೆದಿಲ್ಲ? ಬಾಯಿ ಮುಚ್ಚೋ, ನಿನ್ನ ಊಟ ಎಲ್ಲ ಕಾಣ್ತಿದೆ.” ಪ್ರತಿ ಸಲವೂ ಹೀಗೇ. ದಿನವೂ ಅಷ್ಟೂ ಕ್ಯಾಮೆರಾಗಳಿಗೆ ಅವನು ಮುಖ ತೋರಿಸಬೇಕು, ದಿನವೂ ಟಿವಿಯಣ್ಣನಿಗೆ ಅದು ಹೊಸ ಸಿನಿಮಾ. ತನ್ನ ಮುಖವನ್ನು ತನಗಿಂತ ಹತ್ತಿರದಿಂದ ಇನ್ನೊಬ್ಬ ಬಲ್ಲ ಎಂಬುದು ಏಣಿಗೆ ಮೈಮೇಲೆ ಯಾರದೋ ಒದ್ದೆ ಅಂಗಿ ಹಾಕಿಕೊಂಡ ಹಾಗೆ ಅನ್ನಿಸುತ್ತಿತ್ತು. ರಬ್ಬರಿನ ಗಾಳಿಬುರುಡೆ ಹಿಸುಕಿ ಮೊದಲು ಧೂಳು ಹಾರಿಸಿದ. ಧೂಳಿರುವಾಗಲೇ ಬಟ್ಟೆ ಆಡಿಸಿದರೆ ಕಣಕಣವೂ ಉಗುರಾಗಿ ಗಾಜನ್ನು ಗೀರುತ್ತದೆ. ಆಮೇಲೆ ಅಂಚಿನ ಸಂದಿಗೆ ಮೆತ್ತನೆಯ ಬ್ರಷ್ಷು. ಆಮೇಲೆ ನೀರಿನಂಥ ಆ ದ್ರಾವಣ. ಅದನ್ನು ಗಾಜಿನ ಮೇಲೆ ಬಿಡುವಂತಿಲ್ಲ, ಅಂಚಿನಿಂದ ಒಳಗಿಳಿದರೆ ಕ್ಯಾಮೆರಾಕ್ಕೆ ಒಳಗಿನಿಂದಲೇ ಪೊರೆ ಬರುತ್ತದೆ. ಮೆತ್ತನೆ ಬಟ್ಟೆಗೆ ಕೆಲವೇ ಹನಿ ಹಾಕಬೇಕು, ಬಟ್ಟೆಯನ್ನು ಕಲೆಯ ಮೇಲೆ ಸುಮ್ಮನೆ ಇಡಬೇಕು, ಕಾಯಬೇಕು. ಮೊಂಡು ಕಲೆಯ ಜೊತೆ ಜಗಳಕ್ಕೆ ನಿಂತವರೇ ಗಾಜು ಹಾಳುಮಾಡಿಕೊಳ್ಳುವುದು. ಅವನು ಬಟ್ಟೆ ಇಟ್ಟ. ಅಂಚಿಗೆ ಮಾತ್ರ ಎಂದುಕೊಂಡೇ ಇಟ್ಟ. “ಬೆಳ್ಳಗಾಯ್ತಲ್ಲೋ ಪರದೆ” ಅಂದ ಟಿವಿಯಣ್ಣ. “ನೆನೀಲಿ ಅಣ್ಣ” ಅಂದ.

ಕೈ ಅಲ್ಲಿತ್ತು. ಕಣ್ಣು ಕೆಳಗಿಳಿಯಿತು. ಮೇಲಿನಿಂದ ಅಕ್ಕ ಕಾಣುತ್ತಿದ್ದಳು: ಬೋರಲು ಬುಟ್ಟಿಯ ಮೇಲೆ, ಕಂಬಕ್ಕೆ ತಲೆ ಕೊಟ್ಟು, ಬಾಯಿ ಸ್ವಲ್ಪ ತೆರೆದು. ಮಣಿಕಟ್ಟಿನಲ್ಲಿ ರಟ್ಟಿನ ಬಳೆ. ಬೈತಲೆಯಲ್ಲಿ ಬೆಳ್ಳಿಕೂದಲು ಅಷ್ಟೊಂದು ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವಳ ನೆತ್ತಿ ಅವನ ಕಣ್ಣಿನ ಮಟ್ಟಕ್ಕೆ ಯಾವತ್ತೂ ಇಳಿದದ್ದಿಲ್ಲ. ಅಕ್ಕ ಕೂತದ್ದನ್ನು ಇದಕ್ಕೆ ಮುಂಚೆ ಯಾವಾಗ ನೋಡಿದ್ದೆ? ಹುಡುಕಿದ. ಅಮ್ಮ ಹೋದ ಮೇಲಿನ ಅಡುಗೆಮನೆಯಲ್ಲಿ ಹುಡುಕಿದ, ಅಲ್ಲಿ ಅವಳು ನಿಂತಿದ್ದಳು. ಮೊದಲು ಕೆಲಸಕ್ಕಿದ್ದ ಬಟ್ಟೆ ಅಂಗಡಿಯ ಗಲ್ಲಾದ ಹಿಂದೆ ನಿಂತು ಗಿರಾಕಿಗಳ ಮುಂದೆ ಥಾನು ಬಿಚ್ಚುತ್ತಿದ್ದಳು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಪ್ಪನ ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದು, ಮೊಳೆ ಇಲ್ಲದ ಗೋಡೆಗೆ ತಾನೇ ಮೊಳೆಯಾಗಿ ನಿಂತಿದ್ದಳು. ಅವನಿಗೆ ಜ್ವರ ಬಂದಾಗ ಬಾಗಿಲಲ್ಲಿ ನಿಂತೇ ಕಥೆ ಹೇಳಿದ್ದಳು, ಆ ಕಥೆಯ ರಾಜನೂ ಸಿಂಹಾಸನದಲ್ಲಿ ಕೂರದೆ ಊರೆಲ್ಲ ತಿರುಗುತ್ತಿದ್ದ. ಫೋಟೋದಲ್ಲಿ ಅವನು ಕುರ್ಚಿಯ ಮೇಲೆ, ಅವಳು ಹಿಂದೆ. ಅಷ್ಟು ವರ್ಷಗಳನ್ನು ಹಿಂದೆ ಮುಂದೆ ತಿರುವಿದರೂ ಕೂತ ಅಕ್ಕ ಸಿಗುತ್ತಿರಲಿಲ್ಲ, ಅವಳಿಗೆ ಮೊಣಕಾಲು ಮಡಚುವುದನ್ನೇ ಯಾರೂ ಕಲಿಸಿರಲಿಲ್ಲವೇನೋ ಅನ್ನುವ ಹಾಗೆ. ಟಿವಿಯಣ್ಣ ಕಿವಿಯಲ್ಲಿ ಏನೋ ಹೇಳಿದ, ಇವನು ಹೂಂ ಅಂದ. ಆಗ ಸಿಕ್ಕಿತು. ಪೇಟೆಯ ನಡುಬೀದಿಯಲ್ಲಿ ಅವಳ ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಅವಳು ಕಾಲುದಾರಿಯ ಅಂಚಿನಲ್ಲಿ ದೊಪ್ಪನೆ ಕೂತು, ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು, ಕಾರಣವಿಲ್ಲದೆ ನಗತೊಡಗಿದ್ದಳು. ಬಾರು ಕಿತ್ತದ್ದಕ್ಕೋ, ಕೂತದ್ದಕ್ಕೋ. ಹೋಗುವವರು ಬರುವವರು ತಿರುಗಿ ನೋಡಿದರು. ಹೊಸ ಮೀಸೆಯ ಅವನು ಹಲ್ಲು ಕಚ್ಚಿ ಹೇಳಿದ್ದ: “ಏಳೇ, ಎಲ್ಲರೂ ನೋಡ್ತಿದ್ದಾರೆ.” ಅವಳು ಎದ್ದಿದ್ದಳು. ನಗು ಅಲ್ಲೇ ಅಂಚಿನಲ್ಲಿ ಉಳಿದಿತ್ತು. ಬರಿಗಾಲಿನಲ್ಲಿ ಅವನ ಹಿಂದೆ ಮನೆಯವರೆಗೆ ನಡೆದು ಬಂದಿದ್ದಳು, ಮತ್ತೆಲ್ಲೂ ಕೂರದೆ.

“ಏಣಿ, ಸತ್ಯೇನೋ? ಎಷ್ಟು ಹೊತ್ತು ನೆನೆಸ್ತೀಯ?”

ಬೆಚ್ಚಿ ಬಟ್ಟೆ ತೆಗೆದ. ಬಟ್ಟೆಯ ಜೊತೆ ಕಲೆ ಇಡಿಯಾಗಿ ಎದ್ದು ಬಂತು. ಒಂದು ಗೀರಿಲ್ಲ, ಒಂದು ಎಳೆಯಿಲ್ಲ. ಹಾಲಿನ ಕೆನೆ ಎತ್ತಿದ ಹಾಗೆ. ಅಂಚಿಗೆ ಅಂತ ಹೊರಟ ಕೈ, ವರ್ಷಗಳಿಂದ ಮಾಡಿದ ಹಾಗೆಯೇ ಬಟ್ಟೆಯನ್ನು ನಟ್ಟನಡುವೆ ಇಟ್ಟಿತ್ತು. ತಲೆ ಎಲ್ಲೋ ಅಲೆಯುತ್ತಿದ್ದಾಗ ಕೈ ತನ್ನ ಪಾಡಿಗೆ ಕಲೆಯನ್ನು ಚೆನ್ನಾಗಿ ನೆನೆಸಿತ್ತು. ಅಷ್ಟು ಸಾಲದು ಎಂದು ಇನ್ನೊಂದು ಕೈ ಒಣಬಟ್ಟೆಯನ್ನು ತಾನೇ ಎತ್ತಿ, ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಒರೆಸಿಯೂ ಬಿಟ್ಟಿತ್ತು. ಗಾಜಿನಲ್ಲಿ ಅವನ ಮುಖ ಕಾಣಿಸಿತು. ಜೀವಮಾನದಲ್ಲಿ ಅವನು ಮಾಡಿದ ಅತಿ ಚೊಕ್ಕ ಕೆಲಸ ಅದು.

“ಹೋಯ್ತೇನೋ? ಮೂಗು ಬಿಟ್ರೆ ಏನೂ ಕಾಣ್ತಿಲ್ಲ. ಮುಖ ಆಚೆ ತೆಗಿ, ನೋಡಣ.”

ಮುಖ ತೆಗೆದರೆ ಅದರ ಹಿಂದೆ ಇದ್ದದ್ದು ಅಕ್ಕ.

“ಇಲ್ಲ ಅಣ್ಣ” ಅಂದ. “ಇನ್ನೂ ಸ್ವಲ್ಪ ಇದೆ.”

“ಬೇಗ ಮಾಡು, ದೊಡ್ಡವರು ಬಂದ್ರು. ಮೆಟ್ಟಿಲು ಹತ್ತುತಾ ಇದ್ದಾರೆ.”

ಕೂಗಿ ಎಬ್ಬಿಸುವಂತಿರಲಿಲ್ಲ, ಕಿವಿಯಲ್ಲಿ ಟಿವಿಯಣ್ಣ ಇದ್ದ. ಒಣಬಟ್ಟೆಯನ್ನು ಗಾಜಿಗೆ ತಾಗಿಯೂ ತಾಗದ ಹಾಗೆ ಸುತ್ತಿಸುತ್ತ, ಕೆಳಗಿದ್ದ ಗುಂಡುಪಿನ್ನಿಗೆ ಬಟ್ಟೆಗಂಟಿದ್ದ ಕಲೆಯನ್ನು ಬೆನ್ನ ಹಿಂದಿನಿಂದ ತೋರಿಸಿದ. ಅವಳಿಗೆ ಅರ್ಥವಾಯಿತು, ಕೈ ಬಾಯಿಗೆ ಹೋಯಿತು. ಮೇಜು ಬಿಟ್ಟು ಅಕ್ಕನ ಹತ್ತಿರ ಓಡಿದಳು, ಭುಜ ಅಲುಗಿಸಲು ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ಅಕ್ಕನ ಮುಖ ನೋಡಿದಳು, ಚಪ್ಪಲಿಯಿಂದ ಹೊರಗೆ ಉಬ್ಬಿ ನಿಂತ ಪಾದ ನೋಡಿದಳು. ತಲೆಯೆತ್ತಿ, ಕ್ಯಾಮೆರಾದ ಕಣ್ಣಿಗೆ ಕಣ್ಣು ಕೊಟ್ಟು ಅಂಟಿಕೊಂಡಿದ್ದ ಏಣಿಯನ್ನೂ ನೋಡಿದಳು. ಆಮೇಲೆ ಎಬ್ಬಿಸಲು ಹೋದವಳು ಪಕ್ಕದಲ್ಲೇ ನೆಲಕ್ಕೆ ಕೂತು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿದಳು.

ಅವಳನ್ನು ನೋಡಿ ಆಚೆ ಮೇಜಿನವಳು ಕೂತಳು. ಅವಳಾಚೆಯವಳು ಡಬ್ಬದ ಮೇಲೆ. ಬಳೆ ಇಲ್ಲ, ಸರದಿ ಇಲ್ಲ. ಆ ತುದಿಯುದ್ದಕ್ಕೂ ಹೆಂಗಸರು ಒಬ್ಬೊಬ್ಬರಾಗಿ, ಗಾಳಿ ಬಿಟ್ಟ ಬಲೂನಿನ ಹಾಗೆ, ನೆಲಕ್ಕಿಳಿದರು. ಟೇಪಿನ ಕಿರ್‍ರೆನ್ನುವ ಸದ್ದು ನಿಂತುಹೋಯಿತು. ನಾನು ಹೇಳಿದರೆ ನಂಬಲಿಕ್ಕಿಲ್ಲ, ಆ ಗೋದಾಮು ಕಟ್ಟಿದಾಗಿನಿಂದ ಅಲ್ಲಿ ಯಾರೂ ಕೇಳದ ಸದ್ದೊಂದು ಆಗ ಕೇಳಿಸಿತು: ಅಷ್ಟೊಂದು ಮೊಣಕಾಲುಗಳು ಒಟ್ಟಿಗೆ ಲಟಕ್ಕೆಂದು ಮಡಚಿದ ಸದ್ದು.

ಕಿವಿಯಲ್ಲಿ ಬೇರೆ ಬೇರೆ ಬೂಟುಗಳು, ಕುರ್ಚಿಯ ಗಾಲಿ, ಟಿವಿಯಣ್ಣನ ಸರ್ ಸರ್. ಯಾರೋ ದಪ್ಪ ದನಿಯವರು ಕೇಳಿದರು: “ಈ ಮುಖ ಯಾರದ್ದು?”

“ನಮ್ಮ ಕ್ಲೀನಿಂಗ್ ಹುಡುಗ ಸರ್. ಮೊಂಡು ಕಲೆ ಸರ್, ಬಿಡ್ತಾನೇ ಇಲ್ಲ.”

“ಇಷ್ಟು ಶ್ರದ್ಧೆಯಿಂದ ಕೆಲಸ ಮಾಡೋರನ್ನ ನಾನು ನೋಡೇ ಇಲ್ಲ. ಕಣ್ಣಲ್ಲಿ ನೀರು ಬರ್ತಿದೆ ನೋಡ್ರಿ ಅವನಿಗೆ. ಅವಸರ ಮಾಡ್ಬೇಡಿ, ಪೂರ್ತಿ ಮಾಡ್ಲಿ, ನಾವು ಕಾಯ್ತೀವಿ.”

ಹೊಗಳಿಕೆ ಕಿವಿಯಿಂದ ಇಳಿದು ಕತ್ತಿನ ಹಿಂದೆ ಬೆವರಾಯಿತು. ಅವನು ಒರೆಸಿದ. ಏನೂ ಇಲ್ಲದ ಗಾಜನ್ನು, ಒತ್ತದೆ, ಗೀರದೆ, ಗಾಳಿಯನ್ನೇ ಒರೆಸುವ ಹಾಗೆ. ಭುಜ ಉರಿಯಿತು, ಆಮೇಲೆ ಮರಗಟ್ಟಿತು. ತೊಡೆಯಲ್ಲಿ ಹಿಡಿದ ನಡುಕ ಏಣಿಗೂ ಅಂಟಿತು. ರಬ್ಬರು ಕಳೆದುಕೊಂಡಿದ್ದ ಅದರ ಒಂದು ಕಾಲು ನುಣುಪು ನೆಲದ ಮೇಲೆ ಕೀಚ್ ಎಂದು ತುಸು ಜಾರಿತು.

ಆ ಸದ್ದಿಗೆ ಎಚ್ಚರವಾದದ್ದು ಅಕ್ಕನಿಗೆ ಮಾತ್ರ. ಕಣ್ಣು ಬಿಟ್ಟವಳು ಸುತ್ತ ಕೂತವರನ್ನೆಲ್ಲ ನೋಡಿದಳು, ಏಣಿಯ ಅಲುಗಾಟ ನೋಡಿದಳು, ಎದ್ದಳು. ಬಂದು ಬುಡದಲ್ಲಿ ನಿಂತಳು.

“ಇಳಿಯೋ. ಬೀಳ್ತೀಯ.”

ಅವನು ತುಟಿ ಅಲುಗಿಸದೆ ತಲೆಯನ್ನು ತುಸುವೇ ಆಡಿಸಿದ. ಅವಳು ಗಾಜಿನ ಕಡೆ ನೋಡಿದಳು. ಅಲ್ಲಿಂದಲೂ ಅದರ ಹೊಳಪು ಕಾಣುತ್ತಿತ್ತು. ಬಯ್ಯಲಿಲ್ಲ. ಹೆಸರು ಹಿಡಿದೂ ಕರೆಯಲಿಲ್ಲ. ಸೆರಗು ಸಿಕ್ಕಿಸಿ ಏಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ನಿಂತಳು. ನಡುಕ ನಿಂತಿತು.

ಅವನಿಗೆ ಹೇಳಬೇಕಿತ್ತು: ನೀನು ಕೂತ್ಕೋ ಅಕ್ಕ, ಯಾರೂ ನೋಡ್ತಿಲ್ಲ. ಹೇಳುವಂತಿರಲಿಲ್ಲ. ಅಷ್ಟೂ ಜನ ಕೂತಿದ್ದರು. ಯಾರಿಗೋಸ್ಕರ ಅವನು ಮುಖವನ್ನು ಅಡ್ಡ ಕೊಟ್ಟಿದ್ದನೋ ಅವಳೊಬ್ಬಳು ನಿಂತಿದ್ದಳು. ಕೈಬಿಟ್ಟರೆ ಅವನು ಬೀಳುತ್ತಾನೆ. ಅವನು ಇಳಿದರೆ ಅಷ್ಟೂ ಹೆಸರು ಮೈಕಿನಲ್ಲಿ ಬರುತ್ತವೆ, ಮೇಜು ಬಿಟ್ಟು ಇಲ್ಲಿ ನಿಂತದ್ದಕ್ಕೆ ಮೊದಲಿಗೆ ಅವಳದ್ದೇ, ಎರಡನೆಯ ಸಲ. ಹಾಗಾಗಿ ಅವನು ಒರೆಸುತ್ತಲೇ ಇದ್ದಾನೆ, ಅವಳು ಹಿಡಿದೇ ಇದ್ದಾಳೆ, ದೊಡ್ಡವರು ಕಾಯುತ್ತಲೇ ಇದ್ದಾರೆ. ಟಿವಿಯಣ್ಣನ ದಿಂಬನ್ನು ಈಗ ಅವರೇ ತೆಗೆದುಕೊಂಡಿದ್ದಾರಂತೆ.

ಇದು ಸುಳ್ಳು ಅನ್ನಿಸಿದರೆ ಬಂದು ನೋಡಿ. ಹೇಗೂ ಅಷ್ಟು ದೂರ ಬರುತ್ತೀರಿ, ಬಂದವರು ಕೈ ಕಟ್ಟಿಕೊಂಡು ಯಾಕೆ ನಿಲ್ಲುತ್ತೀರಿ, ಆ ಏಣಿಯನ್ನು ಸ್ವಲ್ಪ ಹಿಡಿದುಕೊಳ್ಳಿ. ಅಂಥ ಕಷ್ಟವೇನಲ್ಲ, ಅಕ್ಕ ಕೂತು ಎದ್ದು ಬರುವವರೆಗೆ ಅಷ್ಟೇ. ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ, ಮನೆಯಲ್ಲಿ ತಡವಾಗುತ್ತದೆ ಅಂತ ಹೇಳಿ ಬನ್ನಿ. ಅವಳು ಒಮ್ಮೆ ಸರಿಯಾಗಿ ಕೂತರೆ ಎಷ್ಟು ಹೊತ್ತು ಕೂರುತ್ತಾಳೆ ಅನ್ನುವುದು ಇನ್ನೂ ಯಾರಿಗೂ ಗೊತ್ತಿಲ್ಲ.